ಮಾವನ ಅಂಟು ಲ್ಯಾಪ್‌ಟಾಪ್

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕಟ್ಟಿದವರು ಯಾರೋ ಗೊತ್ತಿಲ್ಲ. ಅವರ ಮನೆಯಲ್ಲೂ ಇಂಥದೇ ಒಬ್ಬ ಮಾವ ಇದ್ದಿರಬೇಕು.

ಸೊಸೆಯ ಕಸುಬು ಹಳೆಯ ಲ್ಯಾಪ್‌ಟಾಪ್‌ಗಳ ಮೈ ಸರಿಪಡಿಸುವುದು. ಒಂದು ಕಾಲದಲ್ಲಿ ಅವುಗಳ ಮುಚ್ಚಳಕ್ಕೆ ನುಣುಪಾದ ರಬ್ಬರ್ ಲೇಪ ಬಳಿಯುತ್ತಿದ್ದರು. ವರ್ಷಗಳು ಕಳೆದಂತೆ ಆ ಲೇಪ ಕರಗಿ ಅಂಟಂಟಾಗುತ್ತದೆ, ಮುಟ್ಟಿದವರ ಕೈ ಬಿಡುವುದಿಲ್ಲ. ಒಳಗಿನ ಯಂತ್ರ ಗಟ್ಟಿಮುಟ್ಟಾಗಿದ್ದರೂ ಜನ ಎಸೆದುಬಿಡುತ್ತಾರೆ. ಅಂಥವನ್ನು ಅವಳು ಮತ್ತೆ ಮುಟ್ಟುವ ಹಾಗೆ ಮಾಡಿಕೊಡುತ್ತಾಳೆ. ಎಲ್ಲೆಲ್ಲಿಂದಲೋ ಜನ ಅವಳ ಅಂಗಡಿ ಹುಡುಕಿಕೊಂಡು ಬರುತ್ತಾರೆ. ಮಾವ ಮಾತ್ರ ಅದು ಯಾವ ಬೀದಿಯಲ್ಲಿದೆ ಎಂದು ಕೂಡ ಕೇಳಿದವರಲ್ಲ. "ಒರೆಸೋದೂ ಒಂದು ವಿದ್ಯೆನಾ?" ಎನ್ನುತ್ತಿದ್ದರು. ಆ ಮಾತು ಅವಳಿಗೆ ಚುಚ್ಚುತ್ತಿತ್ತು. ಹೊರಗಿನವರು ಎಷ್ಟು ಹೊಗಳಿದರೇನು, ಮನೆಯ ಈ ಒಬ್ಬರು 'ಪರವಾಗಿಲ್ಲ' ಅಂದಿದ್ದರೆ ಅವಳಿಗೆ ಸಾಕಿತ್ತು.

ತಮಾಷೆಯೆಂದರೆ, ಊರಿಗೆಲ್ಲ ಅತಿ ಹೆಚ್ಚು ಅಂಟುವ ಲ್ಯಾಪ್‌ಟಾಪ್ ಇದ್ದದ್ದು ಮಾವನ ಮೇಜಿನ ಮೇಲೆಯೇ. ಪತ್ರಿಕೆಯೊಂದರಲ್ಲಿ ಕರಡು ತಿದ್ದಿ ನಿವೃತ್ತರಾದ ಅವರು ದಿನಾ ಬೆಳಿಗ್ಗೆ ಅದರಲ್ಲಿ ಸಂಪಾದಕರಿಗೆ ತಪ್ಪು ತೋರಿಸುವ ಪತ್ರ ಬರೆಯುತ್ತಿದ್ದರು. ಬರೆದು ಏಳುವಾಗ ಅಂಗೈ ಚರ್ರನೆ ಕಿತ್ತು ಬರುತ್ತಿತ್ತು.

"ಮಾವ, ಕೊಡಿ, ನಾನು ಸರಿ ಮಾಡ್ತೀನಿ."

"ಬೇಡಮ್ಮ, ನಿನಗ್ಯಾಕೆ ತೊಂದರೆ? ಅದಕ್ಕೇನು ಬೇಕು ಅಂತ ನನಗೆ ಗೊತ್ತು."

ಅದಕ್ಕೆ ಬೇಕಾದದ್ದು ಮುಖದ ಪೌಡರ್ ಎಂದು ಅವರು ತೀರ್ಮಾನಿಸಿದ್ದರು. ಧಾರಾಳವಾಗಿ ಉದುರಿಸಿದರು. ಒಂದಷ್ಟು ದಿನ ಯಂತ್ರ ಘಮ್ಮೆಂದಿತು. ಆಮೇಲೆ ಪೌಡರೂ ಅಂಟೂ ಸೇರಿ ಕಣಕವಾಯಿತು. ಕಣಕ ಬಿಡಿಸಲು ಎಣ್ಣೆ ಸವರಿದರು. ಅಲ್ಲಿಗಾದರೂ ನಿಲ್ಲಿಸಬಹುದಿತ್ತು, ಎಣ್ಣೆ ಹೀರಲಿ ಎಂದು ಮೇಲೆ ಇನ್ನಷ್ಟು ಪೌಡರ್ ಸುರಿದರು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನೋಣವೆಂದರೆ ಅದೂ ಬರಲಿಲ್ಲ. ಹಳೆಯ ಗೆಳೆಯರ ಕೂಟಕ್ಕೆ ಅದನ್ನೇ ಕಂಕುಳಲ್ಲಿಟ್ಟುಕೊಂಡು ಹೋಗಿ, ಬಿಳಿ ಅಂಗಿಗೆಲ್ಲ ಕರಿ ಬಳಿದುಕೊಂಡು ಬಂದರು.

ಆಗಲೂ ಸೊಸೆಗೆ ಕೊಡಲಿಲ್ಲ. ಗೆಳೆಯ ಕೊಡೆ ಮೇಷ್ಟ್ರ ಕೈಗೆ ಕೊಟ್ಟರು. ಬಿಸಿಲಿರಲಿ ಮೋಡವಿರಲಿ ಕೊಡೆ ಬಿಡದ ಆ ಮೇಷ್ಟ್ರು "ಒಬ್ಬರು ಪರಿಣತರು ನನಗೆ ಗೊತ್ತು" ಎಂದು ಹೇಳಿ, ಹಳೇ ಪೇಪರಿನಲ್ಲಿ ಸುತ್ತಿ, ನೇರವಾಗಿ ಸೊಸೆಯ ಅಂಗಡಿಗೇ ತಂದಿಟ್ಟರು.

"ಯಾರದು ಅಂತ ಕೇಳ್ಬೇಡಮ್ಮ" ಎಂದರು.

ಕೇಳುವುದೇನಿತ್ತು? ಬಿಚ್ಚುವ ಮೊದಲೇ ಪೌಡರ್ ವಾಸನೆ ಹೊಡೆಯಿತು. ಪೇಪರ್ ಅರ್ಧ ಕೈಗೆ ಬಂತು, ಅರ್ಧ ಅಲ್ಲೇ ಅಂಟಿ ಉಳಿಯಿತು. ಇದೊಂದು ಕೆಟ್ಟರೆ ಮುಗಿಯಿತು, ಜೀವಮಾನವಿಡೀ ಮಾವನ ಬಾಯಿಗೆ ಬೀಳಬೇಕು.

ಬ್ಯಾಟರಿ ಕಳಚಿದಳು. ಸಂದುಗಳಿಗೆಲ್ಲ ಟೇಪ್ ಹಚ್ಚಿದಳು. ತಳದ ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ತಾಗಿಸಿ, ಪ್ಲಾಸ್ಟಿಕ್ ಬಿಳುಚಿಕೊಳ್ಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಅಂಗೈಯಗಲ ಜಾಗ ತೇವ ಮಾಡುವುದು, ಲೇಪ ಮೆತ್ತಗಾಗುವ ತನಕ ಕಾಯುವುದು, ಬಟ್ಟೆಯನ್ನು ಒಂದೇ ದಿಕ್ಕಿಗೆ ಎಳೆಯುವುದು. ಅವಸರಪಟ್ಟು ಅತ್ತಿಂದಿತ್ತ ಉಜ್ಜಿದರೆ ಕರಿ ಮತ್ತೆ ಮೈಗೇ ಮೆತ್ತಿಕೊಳ್ಳುತ್ತದೆ. ಬಟ್ಟೆಯ ಮೇಲೆ ಬಟ್ಟೆ ಕಪ್ಪಾದವು, ಭುಜ ಬಿದ್ದುಹೋಯಿತು. ಕೊನೆಗೆ ಲೇಪವೆಲ್ಲ ಹೋಗಿ ಅಡಿಯಿಂದ ಬೂದು ಬಣ್ಣದ ಚೊಕ್ಕ ಮೈ ಕಂಡಿತು.

ಮೇಷ್ಟ್ರು ಅದನ್ನು ಮನೆಗೆ ತಂದುಕೊಟ್ಟಾಗ ಮಾವ ಅದರ ಮೇಲೆ ಕೈಯಾಡಿಸಿದ್ದೇ ಆಡಿಸಿದ್ದು. "ನೋಡಮ್ಮ, ಕೆಲಸ ಅಂದ್ರೆ ಇದು! ಆ ಪುಣ್ಯಾತ್ಮನ ಹತ್ತಿರ ನೀನೂ ಹೋಗಿ ಒಂದಷ್ಟು ಕಲೀಬೇಕು."

ಗಂಡ ಟವೆಲನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದ. ಅವಳಿಗೆ ನಗುವೂ ಬಂತು, ಅಳುವೂ ಬಂತು. ಹೊಗಳಿಕೆಯೇನೋ ತನ್ನ ಕೆಲಸಕ್ಕೇ, ಆದರೆ ಸಂದದ್ದು ಯಾರಿಗೋ.

"ಆಗಲಿ ಮಾವ, ಕರ್ಕೊಂಡು ಹೋಗಿ" ಎಂದಳು.

ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಾವ ಹೊರಟರು. ಮುಂದೆ ಮೇಷ್ಟ್ರ ಕೊಡೆ, ಹಿಂದೆ ಸೊಸೆ. ದಾರಿಯುದ್ದಕ್ಕೂ ಪಾಠ: "ಬಲ್ಲವರ ಮುಂದೆ ಸುಮ್ನೆ ನಿಂತು ನೋಡ್ಬೇಕು, ಮಧ್ಯೆ ಬಾಯಿ ಹಾಕ್ಬಾರ್ದು." ಮುಚ್ಚಿದ್ದ ಒಂದು ಅಂಗಡಿಯ ಮುಂದೆ ಮೇಷ್ಟ್ರು ನಿಂತರು.

"ಏನಯ್ಯಾ, ನಿನ್ನ ಪರಿಣತರು ಇನ್ನೂ ಬಂದೇ ಇಲ್ವಲ್ಲ?" ಎಂದರು ಮಾವ.

ಸೊಸೆ ಚೀಲದಿಂದ ಬೀಗದಕೈ ತೆಗೆದು ಷಟರ್ ಎತ್ತಿದಳು.

ಮಾವ ಬೀಗದಕೈ ನೋಡಿದರು, ಸೊಸೆಯನ್ನು ನೋಡಿದರು, ಮೇಷ್ಟ್ರನ್ನಂತೂ ನುಂಗುವ ಹಾಗೆ ನೋಡಿದರು. ಮೇಷ್ಟ್ರು ಮುಖ ಕಾಣದಷ್ಟು ಕೊಡೆಯನ್ನು ಇಳಿಸಿಕೊಂಡರು. ಒಳಗೆ ಹೋದ ಮಾವ ಕಪಾಟಿನಲ್ಲಿದ್ದ ಯಂತ್ರಗಳನ್ನು ಒಂದೊಂದಾಗಿ ಮುಟ್ಟಿದರು. ಕೆಲವು ಅಂಟಿದವು, ಕೆಲವು ಅಂಟಲಿಲ್ಲ. ಆಮೇಲೆ ಗಿರಾಕಿಗಳ ಬೆಂಚಿನ ಮೇಲೆ ಕೂತುಬಿಟ್ಟರು. ಗೆಳೆಯನೆದುರು ಮರ್ಯಾದೆ ತೆಗೆದೆ ಎಂದು ಸಿಟ್ಟಾದರೇನು ಗತಿ ಎಂದು ಅವಳು ಅಳುಕಿದಳು.

ಅಷ್ಟರಲ್ಲಿ ಗಿರಾಕಿಯೊಬ್ಬ ಒಳಗೆ ಬಂದು, ಅಂಗಡಿಯ ಯಜಮಾನರು ಇವರೇ ಎಂದುಕೊಂಡು, ತನ್ನ ಲ್ಯಾಪ್‌ಟಾಪನ್ನು ಮಾವನ ಮುಂದೆ ಚಾಚಿದ.

"ಸರ್, ತುಂಬಾ ಅಂಟ್ತಾ ಇದೆ. ನೀವೇನಾ ಸರಿ ಮಾಡೋರು?"

"ನಾನಲ್ಲಪ್ಪ. ವಿದ್ಯೆ ಗೊತ್ತಿರೋರು ಅಲ್ಲಿದ್ದಾರೆ ನೋಡು, ನನ್ನ ಸೊಸೆ." ಮಾವ ಒಂದಿಷ್ಟು ಸರಿದು ಬೆಂಚಿನ ಮೇಲೆ ಜಾಗ ಬಿಟ್ಟರು. "ಕೂತ್ಕೋ. ಅವರು ಕರೆಯೋ ತನಕ ಕಾಯ್ಬೇಕು. ನಾನೂ ಕಾಯ್ತಾ ಇದೀನಿ."