ಮೂರನೆಯ ವರ್ಷದ ಗುಡ್ಡ

ಹುಬ್ಬಳ್ಳಿಯಲ್ಲಿ ಹೊಸದಾಗಿ ಏಳುತ್ತಿದ್ದ ಇಂಜಿನಿಯರಿಂಗ್ ಕಾಲೇಜಿನವರಿಗೆ ಸುತ್ತಮುತ್ತ ಎಲ್ಲೂ ಇಲ್ಲದ ಒಂದು ಪದವಿ ಬೇಕಾಗಿತ್ತು. ಅರ್ಧ ಇಂಜಿನಿಯರಿಂಗ್, ಇನ್ನರ್ಧ ಭೂಮಿ ಮತ್ತು ಗ್ರಹಗಳ ಶಾಸ್ತ್ರ. ಅಣೆಕಟ್ಟು ಕಟ್ಟುವವನಿಗೆ ಅದರ ಕೆಳಗಿನ ಬಂಡೆ ಗೊತ್ತಿರಬೇಕು, ಚಂದ್ರನ ಕಡೆ ರಾಕೆಟ್ಟು ಹೊರಟ ಕಾಲದಲ್ಲಿ ಅಲ್ಲಿಯ ನೆಲವೂ ಗೊತ್ತಿರಬೇಕು ಎಂಬುದು ಅವರ ವಾದ. ಭೂಮಿಯ ಪಾಲಿನ ಪಾಠಗಳನ್ನು ಗೊತ್ತುಮಾಡಲು ಧಾರವಾಡದಿಂದ ಮಂದಾಕಿನಿಯನ್ನು ಕರೆಸಿದರು. ಅವಳು ಕಲ್ಲು-ಖನಿಜಗಳ ಪಾಠ ಹೇಳುತ್ತಲೇ ಕೂದಲು ನರೆಸಿಕೊಂಡವಳು.

ಅವಳು ಒಪ್ಪಿದ್ದು ಇಂದುವಿನ ಸಲುವಾಗಿ. ಇಂದು ಅವಳ ಅಣ್ಣ ಪಂಢರಿನಾಥನ ಮಗಳು. ಅಣ್ಣನ ಮನೆಯಲ್ಲೇ ಮಂದಾಕಿನಿಯ ಬಾಳು ಸಾಗಿತ್ತು. ಈ ಹೊಸ ಪದವಿಯ ಸುದ್ದಿ ಕೇಳಿದಂದಿನಿಂದ ಹುಡುಗಿ ಬೇರೆ ಮಾತೇ ಆಡುತ್ತಿರಲಿಲ್ಲ.

ಸಭೆಯಲ್ಲಿ ಇಂಜಿನಿಯರಿಂಗ್ ಪ್ರೊಫೆಸರ್ ಸಿದ್ದಲಿಂಗಪ್ಪ ಅವಳು ಬರೆದದ್ದನ್ನು ಓದಿ ತಲೆ ಕೆರೆದುಕೊಂಡರು.

"ಮೂರನೇ ವರ್ಷ ಒಂದೂವರಿ ತಿಂಗಳು ಕಪ್ಪತ್ತಗುಡ್ಡದಾಗ ಟೆಂಟ್ ಹೊಡದು ಇರಬೇಕು ಅಂತ ಬರದೀರಿ, ಬಾಯಾರ. ಹುಡುಗೂರಿಗೆ ಛಲೋ ಐತಿ. ಹುಡುಗ್ಯಾರು ಬಂದ್ರ ಹೆಂಗ್ರಿ? ಚಂದ್ರನ ಮ್ಯಾಲೆ ಕಳಸಿದ್ರೂ ಕಳಸ್ಯಾರು, ಯಾರೂ ಮಗಳನ್ನ ಟೆಂಟಿಗೆ ಕಳಸೂದಿಲ್ಲ!"

ಎಲ್ಲರೂ ನಕ್ಕರು. ಮಂದಾಕಿನಿಯೂ ನಕ್ಕಳು.

"ಅವರಿಗೆ ಗುಡ್ಡದ ಬದ್ಲಿ ಮ್ಯೂಸಿಯಮ್ಮಿನ್ಯಾಗ ಕಲ್ಲು ನೋಡೂದು ಇಡೋಣು. ನೀವೂ ಹಂಗ ಕಲತವರಲ್ಲ? ನಿಮಗೇನ್ ಕಡಿಮಿ ಆತು, ಹೇಳ್ರಿ?"

ಅವರ ದನಿಯಲ್ಲಿ ಕುಹಕವಿರಲಿಲ್ಲ, ಗೌರವವಿತ್ತು. ಅದಕ್ಕೇ ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು. ನಾಳೆ ಹೇಳುತ್ತೇನೆಂದು ಎದ್ದು ಬಂದಳು.

ಅವಳು ಕಲಿಯುವಾಗ ಗುಡ್ಡಕ್ಕೆ ಹೋದರೆ ಅವ್ವನೂ ಚಕ್ಕಡಿಯಲ್ಲಿ ಬರುತ್ತಿದ್ದಳು, ಮಡಿಯ ತಂಬಿಗೆ ಹಿಡಿದುಕೊಂಡು. ಚಕ್ಕಡಿ ಬುಡದಲ್ಲೇ ನಿಲ್ಲುತ್ತಿತ್ತು. ಹುಡುಗರು ಹತ್ತಿಹೋಗಿ ಚೀಲದಲ್ಲಿ ಕಲ್ಲು ತಂದು ಅವಳ ಮುಂದೆ ಸುರಿಯುತ್ತಿದ್ದರು. ಹೊತ್ತು ಮುಳುಗುವುದರೊಳಗೆ ತಾಯಿ-ಮಗಳು ಊರು ಸೇರಬೇಕು. ಈಗಲೂ ಅಂಗೈಯಲ್ಲಿ ಕಲ್ಲಿಟ್ಟರೆ ಮಂದಾಕಿನಿ ಅದರ ಜಾತಕ ಹೇಳುತ್ತಾಳೆ. ಗುಡ್ಡದ ಮೇಲೆ ನಿಲ್ಲಿಸಿದರೆ ಬಂಡೆಯ ಪದರು ಯಾವ ಕಡೆ ಇಳಿದಿದೆ ಎಂದು ಹೇಳಲಾರಳು. ಇದು ಯಾರಿಗೂ ಗೊತ್ತಿಲ್ಲ. ಪ್ರತಿ ವರ್ಷ ಮೊಣಕಾಲು ನೋವೆಂದು ಹೇಳಿ ಹುಡುಗರೊಡನೆ ಬೇರೆಯವರನ್ನು ಕಳಿಸುತ್ತಾಳೆ. ಆದರೆ ಆ ಅರೆ ಕಲಿಕೆಯೇ ತನಗೆ ನೌಕರಿ ಕೊಟ್ಟಿತಲ್ಲ, ಗಂಡಸರ ಸಭೆಯಲ್ಲಿ ಕುರ್ಚಿ ಕೊಟ್ಟಿತಲ್ಲ? ಅಷ್ಟನ್ನೂ ಇಂದುವಿಗೆ ತಪ್ಪಿಸಲು ತಾನು ಯಾರು?

ಮನೆಯಲ್ಲಿ ಅತ್ತಿಗೆ ಅಕ್ಕಿ ಆರಿಸುತ್ತ ಕೂತಿದ್ದಳು. ಮಂದಾಕಿನಿ ನಡೆದದ್ದನ್ನು ಹೇಳಿದಳು.

"ಮ್ಯೂಸಿಯಮ್ ಇದ್ರ ಅಡ್ಡಿಯಿಲ್ಲ," ಅಂದಳು ಅತ್ತಿಗೆ. "ಟೆಂಟು ಪಂಟು ಅಂದ್ರ ಓದೂದ ಬ್ಯಾಡ. ಬೆಳಗಾವಿ ಕಡೆಯವರು ಹುಡುಗಿನ್ನ ನೋಡಲಿಕ್ಕೆ ಬರ್ತೀವಿ ಅಂದಾರ, ಬರ್ರಿ ಅಂತೀನಿ."

"ಅತ್ಯಾ, ಮ್ಯೂಸಿಯಮ್ ಆದ್ರ ಮ್ಯೂಸಿಯಮ್," ಇಂದು ಅವಳ ಕೈ ಹಿಡಿದಳು. "ಹೆಂಗರೆ ಒಳಗ ಹೋದ್ರ ಸಾಕು. ನಿನ್ನಷ್ಟ ಆದ್ರೂ ಸಾಕು ನನಗ."

ನಿನ್ನಷ್ಟು. ಮಂದಾಕಿನಿ ಮೊರದೊಳಗಿನ ಒಂದು ಹರಳನ್ನು ಆರಿಸಿ ಅಂಗೈಯಲ್ಲಿಟ್ಟು ನೋಡಿದಳು.

ಮರುದಿನ ಸಭೆಯಲ್ಲಿ ಅವಳು ಮ್ಯೂಸಿಯಮ್ಮಿನ ಸಾಲು ಬೇಡವೆಂದಳು. "ಹುಡುಗ್ಯಾರೂ ಗುಡ್ಡದಾಗ ಇರಬೇಕು. ಅವರ ಜೋಡಿ ಟೆಂಟಿನ್ಯಾಗ ನಾ ಇರ್ತೀನಿ."

"ಅಂದ್ರ ಗುಡ್ಡ ನೀವ ತೋರಸ್ತೀರಿ?" ಸಿದ್ದಲಿಂಗಪ್ಪನವರಿಗೆ ಖುಷಿಯಾಯಿತು.

"ಇಲ್ರಿ. ನನಗ ಗುಡ್ಡ ಓದಲಿಕ್ಕೆ ಬರೂದಿಲ್ಲ. ಅವರ ಜೋಡಿ ನಾನೂ ಕಲೀಬೇಕಾಗೇದ. ಕಡಿಮಿ ಆಗಿದ್ದು ಅದ ನೋಡ್ರಿ."

ಚೇಷ್ಟೆಯೆಂದು ಅವರು ನಗಲು ಹೊರಟರು. ಅವಳ ಮುಖ ನೋಡಿ ಮ್ಯೂಸಿಯಮ್ಮಿನ ಸಾಲನ್ನು ಹೊಡೆದುಹಾಕಿದರು.

ಮನೆಯಲ್ಲಿ ಅತ್ತಿಗೆ ಸಿಡಿದಳು. "ತಾನಾಗಿ ತೆರೆದ ಬಾಗಲಾ ನೀವ ಮುಚ್ಚಿ ಬಂದ್ರಿ, ಮಂದಾಕಿನಿ. ಕೇಳೂದಿದ್ರ ನಿಮ್ಮಣ್ಣನ್ನ ಕೇಳ್ರಿ."

ಪಂಢರಿನಾಥ ಕನ್ನಡಕ ತೆಗೆದು ತಂಗಿಯನ್ನೇ ನೋಡಿದ. "ನೀ ಟೆಂಟಿನ್ಯಾಗ ಇರ್ತಿ? ಎಂದಾದ್ರೂ ಇದ್ದಿಯೇನ?"

"ಇಲ್ಲ. ಯಾರೂ ಬಿಡಲಿಲ್ಲ."

ಅವನು ಕನ್ನಡಕವನ್ನು ಒರೆಸಿ ಮತ್ತೆ ಹಾಕಿಕೊಂಡ. ಆಮೇಲೆ, "ಸೇರಲಿ. ಮೂರನೇ ವರ್ಷದ ಮಾತು ಮೂರನೇ ವರ್ಷ," ಎಂದ. ಅತ್ತಿಗೆ ಮೊರವನ್ನು ಕುಕ್ಕಿ ಒಳಗೆ ಹೋದಳು.

ಇಂದುವಿನ ಮುಖ ಅರಳಲಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಕೂತವಳ ಪಕ್ಕ ಮಂದಾಕಿನಿ ಹೋಗಿ ಕೂತು ಅವಳ ಕೈ ಹಿಡಿದಳು.

"ಅತ್ಯಾ, ಆವಾಗ ಅಪ್ಪ ಬ್ಯಾಡ ಅಂದ್ರ? ಎರಡು ವರ್ಷ ಓದಿದ್ದು ನೀರಾಗ ಹೋಗ್ತದಲ್ಲ."

"ಹೋಗಬಹುದು."

"ಮ್ಯೂಸಿಯಮ್ ಇದ್ದಿದ್ರ ಈ ಅಂಜಿಕಿ ಇರ್ತಿರಲಿಲ್ಲ."

"ಇರ್ತಿರಲಿಲ್ಲ. ಆದ್ರ ನೀ ನನ್ನಷ್ಟ ಆಗ್ತಿದ್ದಿ, ಇಂದೂ."

ಇಂದು ತನ್ನ ಕೈ ಬಿಡಿಸಿಕೊಂಡಳು. ಎದ್ದು ಮಾತ್ರ ಹೋಗಲಿಲ್ಲ.