ಯಂತ್ರಕ್ಕೆ ನೀರು ಕುಡಿಸಿದ ಸೊಸೆ

ಕತೆಯೊಳಗಿನ ರಾಣಿ ಹೊಳೆಯ ಈಚೆ ದಡದಲ್ಲಿ ನಿಂತುಬಿಟ್ಟಿದ್ದಳು. ಕಾಡು ದಾಟಿ ಬಂದಿದ್ದಾಳೆ, ಸೊಂಟದ ಮೇಲೆ ಕೂಸು, ಎದುರಿಗೆ ಉಕ್ಕುವ ನೀರು, ಕರೆದರೆ ಓಗೊಡಲು ಅಂಬಿಗನಿಲ್ಲ. ಆ ಪದ್ಯದವರೆಗೆ ಹಾಡಿ ಅತ್ತೆ ಒಂದು ಸಂಜೆ ಬಾಯಿ ಮುಚ್ಚಿದವರು ಮತ್ತೆ ಹಾಡಿಗೆ ತೆರೆಯಲೇ ಇಲ್ಲ.

ಸೊಸೆಯ ಹೊಸ ಕಂಪ್ಯೂಟರ್ ಮನೆಗೆ ಬಂದದ್ದು ಆ ವಾರವೇ. ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡಿಕೊಡುವುದು ಅವಳ ಕಸುಬು. ಯಾವ ಕಿಟಕಿಯಿಂದ ಎಷ್ಟು ಬಿಸಿಲು ಬಿದ್ದೀತು, ಗೋಡೆಯ ನೆರಳು ಎಲ್ಲಿಗೆ ಮುಟ್ಟೀತು ಎಂದು ಯಂತ್ರ ಲೆಕ್ಕ ಹಾಕಬೇಕು. ಲೆಕ್ಕ ಬಿಗಿಯಾದಂತೆ ಅದರ ಮೈ ಕಾಯುತ್ತಿತ್ತು, ಮೈ ಕಾದಂತೆ ಒಳಗಿನ ಫ್ಯಾನುಗಳು ಭರ್ರೆಂದು ಏರುತ್ತಿದ್ದವು. ಒಳಕೋಣೆಯಲ್ಲಿ ಇಡೋಣವೆಂದರೆ ಅಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದ ಬಸ್ ಡ್ರೈವರ್ ಗಂಡ ಮಲಗುತ್ತಾನೆ. ಅಡುಗೆಮನೆಯಲ್ಲಿ ಹಬೆ, ಎಣ್ಣೆಜಿಡ್ಡು. ಹೀಗಾಗಿ ನಡುಮನೆಯ ಒಂದು ಮೂಲೆ ಯಂತ್ರಕ್ಕಾಯಿತು, ಇನ್ನೊಂದು ಮೂಲೆ ಅತ್ತೆಯ ಮಂಚಕ್ಕೆ.

ಅತ್ತೆ ದೂರು ಹೇಳುವವರಲ್ಲ. "ಮಗಳ ಮನೇಲಿ ಗಾಳಿ ಚೆನ್ನಾಗಿದೆ, ಇನ್ಮೇಲೆ ಅಲ್ಲೇ ಇರ್ತೀನಿ" ಎಂದಷ್ಟೇ ಅಂದರು. ಭಾನುವಾರ ನಾದಿನಿ ಕಾರು ತರುವುದೆಂದು ನಿಶ್ಚಯವಾಯಿತು.

ಯಂತ್ರದ ಸದ್ದೇ ಕಾರಣವೆಂದು ಸೊಸೆ ಕೇಳದೆಯೇ ತಿಳಿದುಕೊಂಡಳು. ಪದ್ಯ ಕೇಳುತ್ತಲೇ ಬೆಳೆದ ಜೀವ ಅವಳದು. ಅಜ್ಜ ಹಾಡಿದ್ದು ಕೇಳಿ ಎಚ್ಚರ, ಅಮ್ಮ ಹಾಡಿದ್ದು ಕೇಳಿ ನಿದ್ದೆ. ತಾನು ಹಾಡಲಾರಳು, ಕೇಳಬಲ್ಲಳು. ಮದುವೆಯಾಗಿ ಬಂದ ಹೊಸದರಲ್ಲಿ, ಹೊತ್ತು ಮುಳುಗುವಾಗ ಅತ್ತೆಯ ಗಂಟಲಿನಿಂದ ಪದ್ಯವೊಂದು ಮೆಲ್ಲನೆ ಎದ್ದಾಗ, ದೇವರು ತನ್ನ ಕೈ ಬಿಡಲಿಲ್ಲ ಎಂದುಕೊಂಡಿದ್ದಳು. ಈಗ ಆ ದನಿಯನ್ನು ತನ್ನ ಯಂತ್ರವೇ ಮನೆ ಬಿಟ್ಟು ಓಡಿಸುತ್ತಿದೆ. ಅದರ ಬಾಯಿಗೆ ಬೀಗ ಹಾಕಿಯೇ ತೀರುತ್ತೇನೆ ಎಂದು ಪಟ್ಟು ಹಿಡಿದಳು.

ಗಾಳಿ ಅರಚಾಡಿ ಮಾಡುವ ಕೆಲಸವನ್ನು ನೀರು ಸುಮ್ಮನೆ ಮಾಡುತ್ತದೆ. ಕಾಯುವ ಚಿಪ್‌ಗಳ ಮೇಲೆ ತಾಮ್ರದ ಬಿಲ್ಲೆ ಕೂರಿಸಿ, ಪಂಪಿನಿಂದ ಅದರೊಳಗೆ ನೀರು ಹರಿಸಿ, ಬಿಸಿಯಾದ ನೀರನ್ನು ರೇಡಿಯೇಟರಿನಲ್ಲಿ ತಣಿಸಿ ಮತ್ತೆ ಒಳಗೆ ಕಳಿಸುವುದು. ಸಾಮಾನೆಲ್ಲ ತರಿಸಿದಳು. ಆದರೆ ಹತ್ತಿರ ಹತ್ತಿರ ಮೊಳದುದ್ದದ ಆ ರೇಡಿಯೇಟರ್ ಕ್ಯಾಬಿನೆಟ್ಟಿನೊಳಗೆ ಜಪ್ಪಯ್ಯ ಅಂದರೂ ಹಿಡಿಯಲಿಲ್ಲ. ಮೇಲಿನ ತಗಡು ಕೊಯ್ದು ನೆತ್ತಿಯ ಮೇಲೆಯೇ ಕೂರಿಸಬೇಕು.

ಒಳಗಿದ್ದುದನ್ನೆಲ್ಲ ಬಿಚ್ಚಿ ಮೇಜಿನ ಮೇಲೆ ಹರವಿ, ಬರಿದಾದ ಕ್ಯಾಬಿನೆಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಬೀದಿಯ ತುದಿಯ ವೆಲ್ಡಿಂಗ್ ಅಂಗಡಿಗೆ ಹೋದಳು. ಗೇಟು, ಕಿಟಕಿ ಸರಳು ಮಾಡುವ ವೆಲ್ಡರ್ ಕನ್ನಡಕವನ್ನು ಹಣೆಗೇರಿಸಿ ನೋಡಿದ.

"ಏನಕ್ಕಾ, ಹಕ್ಕಿಗೂಡಾ?"

"ಕಂಪ್ಯೂಟರ್ ಡಬ್ಬ. ಮೇಲ್ಗಡೆ ಕೊಯ್ಬೇಕು. ಒಳಗೆ ನೀರು ಓಡಿಸ್ತೀನಿ."

"ನೀರಾ!" ವೆಲ್ಡರ್ ಕೈಯಲ್ಲಿದ್ದುದನ್ನು ಕೆಳಗಿಟ್ಟ. "ಲ್ಯಾಪ್‌ಟಾಪ್ ಪಕ್ಕ ಟೀ ಲೋಟ ಇಟ್ಟಿದ್ದಕ್ಕೇ ನನ್ನ ಮಗಳು ರಂಪ ಮಾಡಿಬಿಟ್ಲು. ನೀವು ನೋಡಿದ್ರೆ ಕೊಡಗಟ್ಟಲೆ ಸುರೀತೀನಿ ಅಂತೀರಿ!"

"ಕೊಯ್ಯೋ ಮಿಷನ್ ಕೊಡ್ತೀರೋ, ಬರೀ ಮಾತೋ?"

"ಕೊಡ್ತೀನಿ ತಾಯಿ, ಕೊಡ್ತೀನಿ. ಕೊಯ್ದಾದ್ಮೇಲೆ ಅಳಬಾರದು ಅಷ್ಟೇ."

ತಗಡಿಗೆ ಅಂಟುಪಟ್ಟಿ ಮೆತ್ತಿ, ಅದರ ಮೇಲೆ ಗೆರೆ ಎಳೆದು, ನಾಲ್ಕು ಮೂಲೆಗೂ ತೂತು ಕೊರೆದು ಗರಗಸ ಇಳಿಸಿದಳು. ತಗಡು ಕಿಟಾರನೆ ಕಿರುಚಿತು, ಕೈ ಜೋಮು ಹಿಡಿಯಿತು. ಗರಗಸ ಮಾತ್ರ ಗೆರೆ ಬಿಟ್ಟು ಅತ್ತಿತ್ತ ಅಲುಗಲಿಲ್ಲ. ಕೊಯ್ದ ಅಂಚನ್ನು ಅರದಿಂದ ಉಜ್ಜಿ ಉಜ್ಜಿ, ಬೆರಳಾಡಿಸಿದರೂ ತರಚದಷ್ಟು ನುಣುಪು ಮಾಡಿ, ರಬ್ಬರಿನ ಅಂಚುಪಟ್ಟಿ ತೊಡಿಸಿದಳು. ಅಂಚು ತಾಗಿ ಪೈಪು ಸವೆದು ತೂತಾದರೆ ಎಲ್ಲ ನೀರುಪಾಲು.

ವೆಲ್ಡರ್ ಅಂಚನ್ನು ಸವರಿ ನೋಡಿ, "ನಾಳೆಯಿಂದ ಗೇಟು ಮಾಡೋಕೆ ಬಂದ್ಬಿಡಿ ಅಕ್ಕಾ" ಅಂದ.

ಮನೆಯಲ್ಲಿ ಗಂಡ ಕಣ್ಣುಜ್ಜಿಕೊಂಡು ಎದ್ದುಬಂದ. "ದಿನಾ ಬೆಳಗ್ಗೆ ಬಸ್ಸಿನ ರೇಡಿಯೇಟರಿಗೆ ನೀರು ಹಾಕಿ ಬರ್ತೀನಿ, ಮನೇಲೂ ಒಂದು ತಂದಿಟ್ಯಲ್ಲೇ! ಟಿಕೆಟ್ ಯಾರು ಕೊಡ್ತಾರೆ?"

"ನೀವು ಟಾರ್ಚ್ ಹಿಡೀರಿ ಸಾಕು."

ಪೈಪು ಜೋಡಿಸಿ, ನೀರು ತುಂಬಿ, ಪಂಪಿಗೆ ಮಾತ್ರ ಕರೆಂಟು ಕೊಟ್ಟು, ಒಂದೊಂದು ಕೀಲಿನ ಕೆಳಗೂ ಟಿಶ್ಯೂ ಹಾಸಿ ಕಾದಳು. ಶನಿವಾರ ಬೆಳಗ್ಗೆ ನೋಡಿದರೆ ಒಂದು ಟಿಶ್ಯೂ ತೊಯ್ದು ಮುದ್ದೆಯಾಗಿತ್ತು. ಬೇರೆಯವರಾದರೆ ಕೈ ಚೆಲ್ಲುತ್ತಿದ್ದರೇನೋ. ಅವಳು ನೀರನ್ನೆಲ್ಲ ಬಸಿದು, ಕೀಲು ಬಿಚ್ಚಿ, ಓರೆಯಾಗಿ ನಜ್ಜಿಹೋಗಿದ್ದ ರಬ್ಬರ್ ಬಳೆಯನ್ನು ತೆಗೆದು ಬೇರೆಯದನ್ನು ಹಾಕಿ, ಮೊದಲಿನಿಂದ ಶುರು ಮಾಡಿದಳು. ಈ ಸಲ ಟಿಶ್ಯೂ ತೇವವಾಗಲಿಲ್ಲ. ಆದರೆ ಗಾಳಿಗುಳ್ಳೆ ಸಿಕ್ಕಿಕೊಂಡು ಪಂಪು ಗೊಳಗೊಳ ಎನ್ನುತ್ತಿತ್ತು. ಕ್ಯಾಬಿನೆಟ್ಟನ್ನು ಎತ್ತಿ ಆ ಮಗ್ಗುಲಿಗೊಮ್ಮೆ ಈ ಮಗ್ಗುಲಿಗೊಮ್ಮೆ ವಾಲಿಸತೊಡಗಿದಳು.

ಮಂಚದ ಮೇಲಿಂದ ಅತ್ತೆ ಎಲ್ಲವನ್ನೂ ನೋಡುತ್ತಿದ್ದರು. "ಹಾಲು ಕುಡಿದ ಕೂಸಿನ ಹಾಗೆ ಆಡ್ತಿದೆ. ಬೆನ್ನು ತಟ್ಟೇ, ತೇಗು ಬರುತ್ತೆ" ಅಂದರು. ಬೆನ್ನು ತಟ್ಟಿದಳು. ಗುಳ್ಳೆಗಳು ಸರಸರನೆ ಮೇಲೆದ್ದು ಒಡೆದುಹೋದವು.

ಭಾನುವಾರ ಮಧ್ಯಾಹ್ನ ಎಲ್ಲವೂ ಅದರದರ ಜಾಗದಲ್ಲಿ ಕುಳಿತಿತ್ತು. ಪಂಪನ್ನೂ ಫ್ಯಾನುಗಳನ್ನೂ ತೀರ ಕೆಳಗಿನ ವೇಗಕ್ಕಿಳಿಸಿ, ತನ್ನ ಹತ್ತಿರವಿದ್ದ ಅತಿ ಭಾರದ ಚಿತ್ರವನ್ನೇ ಲೆಕ್ಕಕ್ಕೆ ಹಚ್ಚಿದಳು. ಯಂತ್ರ ಉಸಿರೆತ್ತಲಿಲ್ಲ. ಗೋಡೆ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಗೆದ್ದೆ ಎಂದುಕೊಂಡು ಅತ್ತೆಯ ಕಡೆ ತಿರುಗಿದಳು.

ಅತ್ತೆ ಬ್ಯಾಗಿಗೆ ಸೀರೆ ತುಂಬುತ್ತಿದ್ದರು.

ಸೊಸೆ ಮಂಚದ ಅಂಚಿಗೆ ಕುಳಿತು, ಮೊದಲ ದಿನವೇ ಕೇಳಬೇಕಾಗಿದ್ದುದನ್ನು ಈಗ ಕೇಳಿದಳು.

"ಅತ್ತೆ, ಸದ್ದೆಲ್ಲ ಅಡಗ್ತು. ಇನ್ನೂ ಯಾಕೆ ಹೊರಟಿದ್ದೀರಿ?"

"ಸದ್ದು ಬೇಡ ಅಂತ ನಾನೆಲ್ಲಿ ಅಂದೆ?" ಅತ್ತೆಗೆ ನಿಜವಾಗಿಯೂ ಅಚ್ಚರಿಯಾಗಿತ್ತು. "ನಾನು ಮದುವೆಯಾಗಿ ಬಂದ ಮನೆ ಗೋಡೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ ಇತ್ತು. ನಿನ್ನ ಯಂತ್ರಕ್ಕಿಂತ ಹತ್ತುಪಾಲು ಜೋರು. ಅದನ್ನೇ ಶ್ರುತಿ ಮಾಡ್ಕೊಂಡು ಹಾಡ್ತಿದ್ದೆ. ಗಿರಣಿ ಒಂದು ಸ್ವರ ಹಿಡಿದ್ರೆ ಬಿಡ್ತಿರಲಿಲ್ಲ. ನಿನ್ನದು ಏರ್ತಿತ್ತು, ಇಳೀತಿತ್ತು. ನಾನು ಹಿಡಿಯೋಷ್ಟರಲ್ಲಿ ಕಾಲಡಿಯ ಚಾಪೆ ಎಳೆದ ಹಾಗೆ ಜಾರಿಬಿಡ್ತಿತ್ತು."

"ಹೇಳಬಾರದಿತ್ತಾ?"

"ಅನ್ನ ದುಡಿಯೋ ಯಂತ್ರಕ್ಕೆ ಸುಮ್ಮನಿರು ಅನ್ನೋಕಾಗುತ್ತಾ?"

"ಈಗ ಏರಲ್ಲ, ಇಳಿಯಲ್ಲ."

"ಈಗ ಸದ್ದೇ ಇಲ್ಲವಲ್ಲೇ. ವಯಸ್ಸಿದ್ದಾಗ ಒಂಟಿಯಾಗಿ ನಿಲ್ತಿತ್ತು ದನಿ. ಈಗ ಆನಿಸಿಕೊಳ್ಳೋಕೆ ಏನಾದ್ರೂ ಬೇಕು."

ಇಷ್ಟು ದಿನ ಕೇಳುವುದೊಂದೇ ತನಗೆ ಗೊತ್ತಿರುವ ವಿದ್ಯೆ ಎಂದುಕೊಂಡಿದ್ದವಳು, ಇದನ್ನೊಂದು ಕೇಳದೆ ತಗಡು ಕೊಯ್ದಿದ್ದಳು. ನಗು ಬಂತು, ಕಣ್ಣೂ ತುಂಬಿತು. ಆದರೆ ಕೂತು ಅಳುವ ಹೊತ್ತಲ್ಲ. ಕಾರು ಯಾವ ಗಳಿಗೆಯಲ್ಲಾದರೂ ಬರಬಹುದು. ನೀರು ಬೇಗ ಕಾಯುವುದಿಲ್ಲ, ಬೇಗ ಆರುವುದೂ ಇಲ್ಲ. ಅದರಿಂದ ಪಂಪನ್ನು ಯಾವ ವೇಗಕ್ಕೆ ಕಟ್ಟಿಟ್ಟರೂ ಅದರ ಸ್ವರ ಅಲ್ಲೇ ನಿಲ್ಲುತ್ತದೆ. ಅತ್ತೆಯ ಕೈ ಹಿಡಿದು ತಂದು ಯಂತ್ರದ ಮುಂದೆ ಕುರ್ಚಿಯಲ್ಲಿ ಕೂರಿಸಿದಳು.

"ಹೇಳ್ತಾ ಹೋಗಿ. ನಿಮಗೆ ಎಲ್ಲಿ ಬೇಕೋ ಅಲ್ಲಿಗೆ ತರ್ತೀನಿ."

ಪಂಪಿನ ವೇಗ ಕೂದಲೆಳೆಯಷ್ಟು ಏರಿತು. ಸಣ್ಣ ಗುಂಯ್‌ಗುಡುವಿಕೆ ಹುಟ್ಟಿತು. ಅತ್ತೆ ಕಣ್ಣು ಮುಚ್ಚಿಕೊಂಡು ತಲೆ ಅಲ್ಲಾಡಿಸಿದರು.

"ಊಂಹೂಂ. ಇನ್ನೂ ಮೇಲೆ. ಮೇಲೆ... ಹೆಚ್ಚಾಯ್ತು ಕಣೇ, ನಾನೇನು ಹದಿನಾರರ ಹುಡುಗೀನಾ? ಇಳಿಸು. ಇನ್ನೊಂಚೂರು. ಹಾಂ! ಅಲ್ಲೇ. ಮುಟ್ಟಬೇಡ."

ಕೆಳಗೆ ಹಾರ್ನ್ ಕೇಳಿಸಿತು. ಅತ್ತೆ ಗಂಟಲು ಸರಿಮಾಡಿಕೊಂಡರು. ಪರದೆಯ ಮೇಲೆ ಯಾರದೋ ಮನೆಯ ಕಿಟಕಿಗೆ ಬಿಸಿಲು ಒಂದೊಂದೇ ಚುಕ್ಕೆಯಾಗಿ ಇಳಿಯುತ್ತಿತ್ತು. ಯಂತ್ರದ ಮೈ ಕಾದಿತ್ತು, ಸ್ವರ ಮಾತ್ರ ಅಲುಗಲಿಲ್ಲ. ಆ ಸ್ವರಕ್ಕೆ ಬೆನ್ನು ಆನಿಸಿ ಪದ್ಯ ಎದ್ದಿತು, ಮೊದಲು ಒಡಕು, ಆಮೇಲೆ ಹಳೆಯ ತುಂಬು ದನಿ.

ನಾದಿನಿ ಬಾಗಿಲು ತಳ್ಳಿ, "ಅಮ್ಮಾ, ರೆಡಿನಾ?" ಅನ್ನುತ್ತ ಒಳಬಂದಳು. ಸೊಸೆ ತುಟಿಯ ಮೇಲೆ ಬೆರಳಿಟ್ಟಳು. ನಾದಿನಿ ಚಪ್ಪಲಿ ಬಿಡುವುದನ್ನೂ ಮರೆತು ಅಲ್ಲೇ ನಿಂತಳು. ಒಳಕೋಣೆಯ ಬಾಗಿಲಲ್ಲಿ ಗಂಡ ದಿಂಬು ತಬ್ಬಿಕೊಂಡು ನಿಂತಿದ್ದ.

ಅಂಬಿಗ ಬರಲಿಲ್ಲ. ರಾಣಿ ಇನ್ನು ಕಾಯಲೂ ಇಲ್ಲ. ಕೂಸನ್ನು ಹೆಗಲಿಗೇರಿಸಿ, ಸೆರಗನ್ನು ಬಿಗಿದು, ನೀರಿಗೆ ಕಾಲಿಟ್ಟಳು.

ಪದ್ಯ ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಅತ್ತೆ ಕಣ್ಣು ತೆರೆದರು. ಮಗಳನ್ನು ನೋಡಿದರು, ಮಂಚದ ಮೇಲಿನ ಬ್ಯಾಗನ್ನು ನೋಡಿದರು.

"ನಡುಹೊಳೇಲಿ ಬಿಟ್ಟು ಹೇಗೆ ಬರಲಿ? ಕೂತ್ಕೋ, ಕೇಳು. ಅದಕ್ಕೂ ಮೊದಲು ಆ ಸೀರೆಗಳನ್ನ ತೆಗೆದು ಒಳಗಿಡು, ಸುಕ್ಕಾಗ್ತವೆ."