ಸುಣ್ಣದ ಗೆರೆ

ನಮ್ಮ ಬಡಾವಣೆಯವರು ವರ್ಷಕ್ಕೊಮ್ಮೆ ಓಡುವ ದಂಡೆಯ ಓಟದಲ್ಲಿ ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. ನದಿಯ ಪಕ್ಕದ ರಸ್ತೆಯುದ್ದಕ್ಕೂ ಓಡಿ ಬಂದು ಸುಣ್ಣದ ಗೆರೆಯ ಮುಂದೆ ನಿಲ್ಲಬೇಕು. ಮೈಕ್ ಹಿಡಿದವರು ಹೆಸರು ಹೇಳಿ, ಒಂದು ತಮಾಷೆ ಮಾಡಿ, 'ಬನ್ನಿ' ಎಂದ ಮೇಲೆಯೇ ಗೆರೆ ದಾಟುವುದು. ಕರೆಯದೆ ದಾಟಿದರೆ ಓಡಿದ್ದು ಲೆಕ್ಕಕ್ಕಿಲ್ಲ.

ಆ ಮೈಕ್ ಮೊದಲಿನಿಂದಲೂ ನನ್ನ ಭಾವನ ಕೈಯಲ್ಲಿತ್ತು. ಮಾತಿನ ಮಲ್ಲ. ಕಳೆದ ವರ್ಷ ಅವನ ಹೆಂಡತಿ, ಅಂದರೆ ನನ್ನ ಅಕ್ಕ, ಎರಡನೇ ಸಲವೂ ಗರ್ಭ ನಿಲ್ಲದೆ ಹಾಸಿಗೆ ಹಿಡಿದಿದ್ದವಳು, ನನ್ನ ಒತ್ತಾಯಕ್ಕೆ ಎದ್ದು ಓಡಿದಳು. ಓಡಿದಳೆಂದರೆ ನಡೆದಳು. ಗೆರೆಯ ಮುಂದೆ ನಿಂತು ನಗುತ್ತಿದ್ದಳು.

"ನೋಡಿ, ನಮ್ಮನೇವ್ರು ಬಂದ್ರು!" ಎಂದ ಭಾವ. "ಇವ್ಳ ಕೈಲಿ ಯಾವ್ದನ್ನೂ ಕೊನೇತನಕ ಹೊರೋಕಾಗಲ್ಲ. ಇವತ್ತು ಮೈನಾದ್ರೂ ಹೊತ್ಕೊಂಡು ಬಂದ್ಲಲ್ಲ!"

ಕೆಲವರು ನಕ್ಕರು. ಅಕ್ಕ ಗೆರೆ ದಾಟಲಿಲ್ಲ. ತಿರುಗಿ ನಡೆದು ನನ್ನ ಮನೆಗೆ ಬಂದವಳು ಮತ್ತೆ ಬೀದಿಗೆ ಇಳಿಯಲೇ ಇಲ್ಲ. ಅವತ್ತು ನನ್ನ ಹೊಟ್ಟೆಗೆ ಬಿದ್ದ ಕೆಂಡ ಆರಲಿಲ್ಲ. ಆರಲು ನಾನು ಬಿಡಲೂ ಇಲ್ಲ.

ಈ ವರ್ಷ ಭಾವನಿಗೆ ತಾನೇ ಓಡುವ ಹುಚ್ಚು ಹಿಡಿಯಿತು. ನಾನು ಈಜು ಕಲಿಸುವವಳು. ಕೊಳದ ಈ ತುದಿಯಿಂದ ಕೂಗಿದರೆ ಆ ತುದಿಯಲ್ಲಿದ್ದವರು ಬೆಚ್ಚಬೇಕು. ಮೈಕ್ ಹಿಡಿಯುತ್ತೀಯಾ ಎಂದು ಸಮಿತಿಯವರು ಕೇಳಿದ್ದೇ ತಡ, ಒಪ್ಪಿಕೊಂಡೆ. ಅಕ್ಕನನ್ನು ಕಾಡಿಬೇಡಿ ಕರೆತಂದು ನನ್ನ ಹಿಂದೆ, ನೀರಿನ ಮೇಜಿನ ಬಳಿ ಕೂರಿಸಿದೆ.

"ಜಗಳ ಮಾಡಲ್ಲ ತಾನೆ?" ಎಂದಳು.

"ಅವನ ಹತ್ರ ಒಂದ್ ಮಾತೂ ಆಡಲ್ಲ ಅಕ್ಕ. ನಿನ್ನಾಣೆ."

ಭಾವ ಬಂದ. ಹೊಸ ಬೂಟು, ಒಳಗೆಳೆದುಕೊಂಡ ಹೊಟ್ಟೆ. ಗೆರೆಯ ಮುಂದೆ ನಿಂತು ಹಲ್ಲು ಕಿರಿದ. ನಾನು ಅವನ ತಲೆಯ ಮೇಲಿಂದ ಆಚೆ ನೋಡಿದೆ.

"ಬಂದ್ರು ನೋಡಿ, ಬೀಗದ ಅಂಗಡಿ ತಾತ! ಇನ್ಯಾವ ಬಾಗ್ಲು ತೆಗೀಬೇಕೋ, ಬನ್ನಿ! ಹಲ್ಲಿನ ಡಾಕ್ಟ್ರು! ಇವತ್ತು ಬಾಯಿ ಬಿಡೋ ಸರದಿ ಇವ್ರದ್ದು, ಬನ್ನಿ!"

ಒಬ್ಬೊಬ್ಬರೇ ದಾಟಿದರು. ಯಜಮಾನನನ್ನು ಎಳೆದುಕೊಂಡು ಬಂದ ನಾಯಿಯನ್ನೂ ಕರೆದೆ. ಜನ ಮೊದಲು ನಕ್ಕರು. ಆಮೇಲೆ ಅವರಿಗೆ ಕಳೆದ ವರ್ಷದ್ದು ನೆನಪಾಯಿತೇನೋ, ಭಾವನತ್ತಲೇ ನೋಡತೊಡಗಿದರು.

"ಏ, ಕರಿಯೇ ನನ್ನ," ಎಂದ ಭಾವ ಹಲ್ಲು ಕಚ್ಚಿ. "ಎಲ್ರೂ ನೋಡ್ತಿದಾರೆ."

ನೋಡಲಿ ಎಂದೇ ನಿಲ್ಲಿಸಿದ್ದು. ಮೈಕನ್ನು ಅವನ ಬಾಯಿಗೆ ಹಿಡಿದು, ಹಿಂದೆ ಕೂತಿದ್ದ ಅಕ್ಕನ ಕಡೆ ಕಣ್ಣು ತೋರಿಸಿದೆ. ಅವನ ಮುಖ ಹುಳ್ಳಗಾಯಿತು.

"ತಪ್ಪಾಯ್ತು," ಎಂದ. "ಹೋದ್ವರ್ಷ ನಾನು ಹಾಗನ್ಬಾರ್ದಿತ್ತು."

ದಂಡೆಯುದ್ದಕ್ಕೂ ಕೇಳಿಸಿತು. ನನಗೆ ಬೇಕಿದ್ದದ್ದು ಅಷ್ಟೇ. ಆಣೆ ಮುರಿದು ಕರೆಯೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಎದ್ದು ಬಂದು ಮೈಕ್ ಕಿತ್ತುಕೊಂಡಳು. ಭಾವನಿಗೆ ಹೋದ ಜೀವ ಬಂದಂತಾಯಿತು.

ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ," ಎಂದಳು ಮೈಕಿನಲ್ಲಿ. "ಹಿಂದೆ ಜನ ಬರ್ತಿದಾರೆ."

ಉಳಿದವರನ್ನೆಲ್ಲ ಅವಳೇ ಕರೆದಳು. ಕೊನೆಯವರು ದಾಟಿದ ಮೇಲೆ ಮೈಕನ್ನು ನನ್ನ ಕೈಗಿಟ್ಟು, ಸುತ್ತಿ ಹೋಗಿ, ಗೆರೆಯ ಮುಂದೆ ಅವನ ಪಕ್ಕದಲ್ಲೇ ನಿಂತಳು.

ನಾನು ತಮಾಷೆ ಮಾಡಲಿಲ್ಲ. "ಬಾ, ಅಕ್ಕ" ಎಂದೆ. ಅವಳೊಬ್ಬಳೇ ದಾಟಿದಳು.